ಅಡುಗೆಯವಳಿಗೊಂದು ಫೋನ್

...ನಮ್ಮ ಬೀದಿಗೆ ಮೊದಲು ಟೆಲಿಫೋನ್ ಬಂದಿದ್ದೇ ನಮ್ಮ ಮನೆಗೆ. ತಿಳ್ಕೋ. ತಾತ ನ್ಯಾಯಾಧೀಶರು, ತಂದೆ ದೊಡ್ಡಾಸ್ಪತ್ರೆಯ ಮುಖ್ಯ ವೈದ್ಯರು. ಮೂರು ತಲೆಮಾರಿನಿಂದ ನಮ್ಮ ಮನೆಯವರು ಯಾರಿಂದಲೂ ಒಂದು ಮಾತು ಅನ್ನಿಸಿಕೊಂಡವರಲ್ಲ. ಫೋನಿಗೆ ಮೂರೇ ಅಂಕಿಯ ನಂಬರು. ನಡುಮನೆ ಮೂಲೇಲಿ, ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿರ್ತಿತ್ತು. ಯಾರಾದ್ರೂ ಅದನ್ನ ಎತ್ತಿಕೊಂಡ್ರೆ ಉಳಿದವರೆಲ್ಲ ಎದ್ದು ಆಚೆ ಹೋಗ್ತಿದ್ವಿ. ತಂದೇನೂ ಹೋಗ್ತಿದ್ರು. ಯಾರ ಹತ್ತಿರ ಮಾತಾಡಿದೆ ಅಂತ ಒಬ್ಬರು ಇನ್ನೊಬ್ಬರನ್ನ ಕೇಳಿದವರಲ್ಲ. ಅಂಥ ಮನೇಲಿ ಬೆಳೆದವಳನ್ನ ನೀನು, ಅಂಗಡಿಯೊಳಗೆ ಕಾಲಿಟ್ಟ ತಕ್ಷಣ, "ಯಾರಿಗೆ ಆಂಟಿ, ನಿಮಗಾ?" ಅಂತ ಕೇಳಿದೆ.

ಹುಬ್ಬು ಹಾರಿಸಬೇಡ. ಮೊದಲನೇದಾಗಿ, ನಾನು ನಿನ್ನ ಆಂಟಿ ಅಲ್ಲ. ಎರಡನೇದು, ನನ್ನ ಹತ್ತಿರ ಫೋನಿದೆ. ಇದರ ನಾಲ್ಕರಷ್ಟು ಬೆಲೇದು, ಮಗ ತಂದುಕೊಟ್ಟಿದ್ದು. ಇದು ನಮ್ಮ ಅಡುಗೆಯವಳಿಗೆ. ಆಯ್ತಾ?

ಸರಿ, ಎರಡನ್ನೂ ಇಲ್ಲಿಡು. ಜೋಡಿಸಿ ಇಡಮ್ಮ, ಹಾಗೆ ಎಸೆಯೋದಲ್ಲ. ಕೆಂಪು ಡಬ್ಬಿ ಕಂಪನಿಯವರು ಹಿಂದೆ ಮೂರು ಕ್ಯಾಮೆರಾ ಅಂತ ಬರ್ಕೊಂಡಿದ್ದಾರೆ. ಕಣ್ಣಿಟ್ಟು ನೋಡ್ದೆ, ಅದರಲ್ಲೊಂದು ಕ್ಯಾಮೆರಾನೇ ಅಲ್ಲ, ಬರೀ ಗಾಜಿನ ಬೊಟ್ಟು. ಯಾಕೆ ನಗ್ತೀಯಾ? ನೀನೇ ಒಪ್ಪಿಕೊಂಡೆಯಲ್ಲ ಈಗ. ಮತ್ತೆ ಡಬ್ಬೀಲಿ ಚಾರ್ಜರ್ ಬೇರೆ ಇಲ್ಲ. ಹಿಡಿಕೆ ಬೇಕಾದ್ರೆ ಬೇರೆ ಕೊಂಡ್ಕೊಳ್ಳಿ ಅಂತ ಕೊಡೆ ಮಾರ್ತಾರಾ ಯಾರಾದ್ರೂ? ನೀಲಿ ಡಬ್ಬೀಲಿ ಚಾರ್ಜರ್ ಇದೆ, ಬ್ಯಾಟರಿ ಎರಡು ದಿನ ಬರತ್ತೆ ಅಂತೀಯ. ಬೆಲೇನೂ ಸಾವಿರದಷ್ಟು ಕಡಿಮೆ. ಆದ್ರೆ ಪರದೆ ಮಬ್ಬು. ಬಾಗಿಲ ಹತ್ತಿರ ಹಿಡಿದು ನೋಡು, ಬಿಸಿಲಿಗೆ ಅಕ್ಷರಾನೇ ಕಾಣಲ್ಲ. ಟೆರೇಸ್ ಮೇಲೆ ಹೇಗೆ ಓದಲಿ... ಹೇಗೆ ಓದ್ತಾಳೆ ಅವಳು? ಮಧ್ಯಾಹ್ನ ಬಟ್ಟೆ ಒಣಹಾಕೋಕೆ ಹೋಗ್ತಾಳಲ್ಲ, ಅದೊಂದೇ ಅವಳಿಗೆ ಪುರುಸೊತ್ತು. ಸೊಸೆ ಆಗ ಅರ್ಧ ಗಂಟೆ ಮಲಗ್ತಾಳೆ.

ಅವಳ ಸೊಸೆ. ಅಡುಗೆಯವಳಿಗೂ ಸೊಸೆ ಇರಬಾರದಾ?

ಗಡಿಯಾರ ನೋಡಿದ್ರೆ ನಿನಗೇನು? ನನಗೆ ಇನ್ನು ಹತ್ತು ನಿಮಿಷ ಅಷ್ಟೆ. ನನ್ನ ಫೋನು ಎದುರಿನ ಕನ್ನಡಕದಂಗಡೀಲಿದೆ. ಮರೆತಿಲ್ಲ, ಬಿಟ್ಟು ಬಂದಿದೀನಿ. ಅದರಲ್ಲಿ ಯಾರಿಗೆ ಮಾತಾಡಿದ್ರೂ ಮಗನಿಗೆ ಗೊತ್ತಾಗತ್ತೆ, ಎಲ್ಲಿದ್ರೂ ನಕ್ಷೇಲಿ ಚುಕ್ಕೆ ಬರತ್ತೆ. ಕಾಳಜಿಗೆ ಹಾಗೆ ಮಾಡಿಸಿದ್ದಾನೆ, ನೀನು ಬೇರೇನೋ ಅಂದ್ಕೋಬೇಡ. ಚುಕ್ಕೆ ಅಲ್ಲಿ ಕನ್ನಡಕಕ್ಕೆ ಕಾಯ್ತಾ ಕೂತಿದೆ. ಕೂತಿರಲಿ.

ಈಗ ಮುಖ್ಯವಾದದ್ದು ಹೇಳು. ಆ ಕಡೆಯವರು ತೀರಾ ಮೆಲ್ಲಗೆ ಮಾತಾಡಿದ್ರೆ ಯಾವುದರಲ್ಲಿ ಚೆನ್ನಾಗಿ ಕೇಳಿಸತ್ತೆ? ಮೆಗಾಪಿಕ್ಸೆಲ್ ಬಿಡು. ಹಾಡಿನ ಸದ್ದೂ ಬೇಡ. ಮನುಷ್ಯರ ಧ್ವನಿ. ಗಂಟಲು ಸರಿಯಿಲ್ಲದವರ ಧ್ವನಿ. ಅಡುಗೆಯವಳ ಸಂಬಂಧಿಕರೊಬ್ಬರಿಗೆ ಆಪರೇಷನ್ ಆಗಿದೆ.

ಗೊತ್ತಿಲ್ವಾ? ಮಾರೋಳಿಗೆ ಗೊತ್ತಿರಬೇಕಮ್ಮ. ಹಾಗಾದ್ರೆ ಸಿಮ್ ಹಾಕಿ ಎರಡರಲ್ಲೂ ಒಂದೊಂದು ಸಲ ನೋಡು. ತಗೋ, ಅಡುಗೆಯವಳ ಹೆಸರಲ್ಲಿ ತೆಗೆಸಿದ್ದು. ಬಿಲ್ಲು ಕಾಗದದ್ದೇ ಕೊಡು, ಯಾವ ನಂಬರಿಗೂ ಮೆಸೇಜ್ ಹೋಗಬಾರದು. ಯಾರಿಗೆ ಮಾಡೋದಾ? ಯಾರಿಗಾದ್ರೂ... ಬಾಯಿಗೆ ಬಂದ ನಂಬರು ಹೇಳ್ತೀನಿ, ಒತ್ತು.

ಒತ್ತಿದೆಯಾ? ಎಲ್ಲಾ ಹತ್ತು ಅಂಕೀನೂ? ಕೆಂಪು ಡಬ್ಬೀದರಲ್ಲಿ ಮೊದಲು. ಸ್ಪೀಕರ್ ಹಾಕು.

ಶ್... ಎತ್ತಿದ್ರು.

ಏನೂ ಕೇಳಿಸ್ತಿಲ್ಲ. ಬರೀ ಉಸಿರು. ಇಡು, ಇಡು. ನಾನು ಮಾತಾಡಬೇಕಾಗಿಲ್ಲ, ಕೇಳಿಸತ್ತಾ ಇಲ್ವಾ ಅಂತ ತಾನೇ ನಾವು ನೋಡ್ತಿರೋದು? ಕೆಂಪು ಬೇಡ. ಸಿಮ್ ತೆಗೆದು ನೀಲೀಗೆ ಹಾಕು. ಅದೇ ನಂಬರಿಗೇ ಮಾಡು, ಇಲ್ಲದಿದ್ರೆ ಹೋಲಿಸೋದು ಹೇಗೆ? ನಿಧಾನ, ಉಗುರು ತಾಗಿಸಬೇಡ.

ಹೋಗ್ತಿದೆ.

...

ಇಟ್ಟುಬಿಡು. ಇಡು ಅಂದೆ.

ನೀಲೀದರಲ್ಲಿ ಕೇಳಿಸತ್ತೆ. ಚೆನ್ನಾಗಿ ಕೇಳಿಸತ್ತೆ. ಅಂಗಡಿ ಆ ತುದಿವರೆಗೂ ಕೇಳಿಸ್ತು. "ಅಕ್ಕಾ, ನೀನೇನಾ? ಮಾತಾಡೇ." ಅಷ್ಟೇ ಅಲ್ವಾ ಅಂದಿದ್ದು? ಪರದೆ ಮಬ್ಬಾದ್ರೆ ಪರವಾಗಿಲ್ಲ, ಇದನ್ನೇ ಕಟ್ಟು.

ಕಟ್ಟು ಅಂದ್ನಲ್ಲ.

ಡಬ್ಬಿ ಬಿಟ್ಟು ನನ್ನ ಮುಖ ಯಾಕೆ ನೋಡ್ತೀಯಾ? ಹಾಗೆ ನೋಡಬೇಡ. ಇಷ್ಟು ಹೊತ್ತು ಒಂದೇ ಉಸಿರಿಗೆ ಆಫರು, ವಾರಂಟಿ, ಮೇಲೊಂದು ಕವರ್ ಫ್ರೀ ಅಂತಿದ್ದವಳು. ಕೇಳು. ಯಾರಿಗೆ ಆಂಟಿ ಅಂತ ಇನ್ನೊಂದು ಸಲ ಕೇಳು, ನೋಡೋಣ.

ಕೇಳಲ್ಲ. ಈಗ ಕೇಳಲ್ಲ ನೀನು.

...ನನ್ನ ತಂಗಿ. ಕನ್ನಡಕದಂಗಡಿಯವರ ಫೋನಿಂದ ಮೂರು ಸಲ ಮಾಡಿ, ಮಾತಾಡದೆ ಇಟ್ಟಿದೀನಿ. ಅದಕ್ಕೇ ಗುರುತು ಹಿಡಿದ್ಳು. ಐದು ವರ್ಷ ಆಯ್ತು. ಮಗನ ನಿಶ್ಚಿತಾರ್ಥ, ಬೀಗರೆಲ್ಲ ಕೂತಿದ್ರು, ನಿನಗೆ ಹೇಳಿದ್ನಲ್ಲ, ಅದೇ ಮಾತು ಅವರಿಗೂ ಹೇಳ್ತಿದ್ದೆ, ಬೀದಿಗೆ ಮೊದಲನೇ ಟೆಲಿಫೋನ್ ನಮ್ಮದು ಅಂತ. ಇವಳು ಲೋಟ ಕೆಳಗಿಟ್ಟು, ಎಲ್ಲರೆದುರಿಗೆ, "ಇಲ್ಲ ಅಕ್ಕ, ಮೊದಲು ಬಂದಿದ್ದು ಕಾಂಪೌಂಡರ್ ಮನೆಗೆ" ಅಂದ್ಳು. ತಂದೆ ಕೈಕೆಳಗೆ ಔಷಧಿ ಕಟ್ಟಿಕೊಡ್ತಿದ್ದವರು, ಎದುರುಮನೆ. ಬೀಗರು ನಕ್ಕುಬಿಟ್ರು. ಅವತ್ತೇ ಹೇಳ್ದೆ, ಅವಳಾಗಿ ಬಂದು ಕ್ಷಮೆ ಕೇಳೋವರೆಗೂ ಅವಳ ಹೆಸರು ಈ ಮನೇಲಿ ಯಾರೂ ಎತ್ತಕೂಡದು. ಮಗ, ಸೊಸೆ ಇಬ್ಬರೂ ಅಕ್ಷರ ತಪ್ಪದೆ ನಡೆಸ್ತಿದ್ದಾರೆ. ನಾನು ಹಾಕಿದ ಕಟ್ಟಳೆ. ಈಗ ಅವರ ಮುಂದೆ ನಾನೇ ಹೋಗಿ, ಅವಳ ಗಂಟಲು ಹೇಗಿದೆ ಅಂತ ಕೇಳಲಾ? ಯಾವ ಮುಖ ಇಟ್ಟುಕೊಂಡು? ಆಪರೇಷನ್ ಆಗಿದ್ದೂ ನನಗೆ ಅಡುಗೆಯವಳಿಂದ ಗೊತ್ತಾಗಬೇಕಾಯ್ತು.

ಹಾಗೆ ನೋಡಬೇಡ ಅಂದೆ.

ಹೌದು. ಕಾಂಪೌಂಡರ್ ಮನೇಲಿತ್ತು. ಅವರ ತಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ. ನಮ್ಮದು ಎಂಟು ತಿಂಗಳಾದ ಮೇಲೆ ಬಂತು. ಆಸ್ಪತ್ರೆಯಿಂದ ಕರೆ ಬಂದ್ರೆ ಕಾಂಪೌಂಡರ್ ಹೆಂಡತಿ ಗೇಟಿನ ಹತ್ತಿರ ನಿಂತು ಕೂಗೋರು, ತಂದೆ ಚಪ್ಪಲೀನೂ ಮೆಟ್ಟದೆ ರಸ್ತೆ ದಾಟಿ ಓಡೋರು. ನಾನೂ ತಂಗೀನೂ ಹಿಂದೆ. ತಂದೆ ಮಾತಾಡೋವಾಗ ಎದ್ದು ಆಚೆ ಹೋಗ್ತಿದ್ದದ್ದು ಕಾಂಪೌಂಡರ್ ಮನೆಯವರು. ಒಲೆ ಮೇಲಿಟ್ಟಿದ್ದು ಹಾಗೇ ಬಿಟ್ಟು, ಮಕ್ಕಳ ಕೈ ಹಿಡ್ಕೊಂಡು ಹೋಗೋರು. ನಮ್ಮನೆ ಪದ್ಧತಿ ಅಂದ್ನಲ್ಲ... ಅಲ್ಲಿ ಕಲಿತಿದ್ದು.

ಫೋನ್ ಬರ್ತಿದೆ. ಅದೇ ನಂಬರು.

ಎತ್ತಬೇಡ. ನನ್ನ ಕೈಗೆ ಯಾಕೆ ಕೊಡ್ತೀಯಾ? ಮತ್ತೆ... ಎಲ್ಲಿಗೆ ಹೊರಟೆ? ನಾನು ಆಚೆ ಹೋಗು ಅಂದ್ನಾ? ಬಾಗಿಲು ತೆಗೀಬೇಡ. ಇಲ್ಲೇ ನಿಂತ್ಕೋ, ನನ್ನೆದುರಿಗೆ ನಿಂತ್ಕೋ.

ರಿಂಗ್ ಆಗ್ಲಿ. ಮೊದಲು ನಮ್ಮಿಬ್ಬರದು ಮುಗೀಲಿ. ಯಾರಿಗೆ ಅಂತ ನೀನು ಕೇಳಿದ್ದು ತಪ್ಪು.

ಕ್ಷಮೆ ಕೇಳು.