ಚಿಕ್ಕಪ್ಪನ ಹೊಸ ತಗಡು

ಹಲ್ಲಿನ ಡಾಕ್ಟರ ಬಾಗಿಲಲ್ಲಿ ದವಡೆ ಊದಿಸಿಕೊಂಡು ಕೂತಿದ್ದ ದರ್ಜಿಗೆ ನಕ್ಕರೆ ಪ್ರಾಣವೇ ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಒಬ್ಬ ಚಿಕ್ಕಮ್ಮನಿಗೂ ಅವರ ಅಕ್ಕನ ಮಗಳಿಗೂ ಅದು ಹೇಗೆ ಗೊತ್ತಾಗಬೇಕು?

“ನಿನ್ನೆ ಮನೆ ಮುಂದೆ ಫೈರ್ ಎಂಜಿನ್ ಬಂತು ಕಣೇ! ಬೆಂಕಿ ಎಲ್ಲಿ ಅಂತ ಅವರು ನಮ್ಮನ್ನೇ ಕೇಳ್ತಾರೆ!”

“ಕಳಿಸಿದ್ದು ನಾನೇ, ಚಿಕ್ಕಮ್ಮ.”

“ನೀನಾ?”

“ಆಫೀಸಲ್ಲಿ ಕಾಡ್ಗಿಚ್ಚು ಕಾಯೋದೇ ನನ್ನ ಕೆಲಸ ಅಲ್ವಾ? ಉಪಗ್ರಹದ ಚಿತ್ರದಲ್ಲಿ ನಿಮ್ಮನೆ ಕಡೆ ಕಾಡಿನಂಚಿಗೆ ಬೆಂಕಿ ಕಂಡ ಹಾಗಾಯ್ತು. ಆಮೇಲೆ ನೋಡಿದ್ರೆ, ಚಿಕ್ಕಪ್ಪ ಚಾವಣಿಗೆ ಹಾಕಿಸಿದ ಹೊಸ ತಗಡು ಬಿಸಿಲಿಗೆ ಹೊಳೀತಿದೆ! ಸಾಹೇಬರು ಕೆಂಡಾಮಂಡಲ.”

“ನಮ್ಮ ತಗಡು ಆಕಾಶಕ್ಕೂ ಕಾಣುತ್ತಾ!”

“ನಗಬೇಡಿ. ಇನ್ನೊಂದ್ಸಲ ಹೀಗಾದ್ರೆ ನನ್ನ ಕೆಲಸಕ್ಕೇ ಕುತ್ತು. ಮೊದಲು ಅದಕ್ಕೆ ಬಣ್ಣ ಬಳಿಸಿ.”

ಚಿಕ್ಕಮ್ಮ ಆಗಲೇ ಫೋನು ಕಿವಿಗಿಟ್ಟಿದ್ದರು.

“ರೀ, ಏಣಿ ಹಾಕ್ಕೊಂಡು ತಗಡು ಚೆನ್ನಾಗಿ ಉಜ್ಜಿ ತೊಳೀರಿ. ಮೇಲಿಂದ ಸರ್ಕಾರ ನೋಡ್ತಿದೆಯಂತೆ!”

ಒಳಗಿನಿಂದ ಕರೆ ಬಂತು. ಇಬ್ಬರೂ ಎದ್ದು ಹೋದರು. ದರ್ಜಿ ಎರಡೂ ಕೈಯಲ್ಲಿ ದವಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ.