ಸೆಲೆರಿ ಸಾಲು

ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ರಾಯಲ್ಪಾಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಅತ್ತೆ, ಸೊಸೆ ಕೂತಿದ್ದರು. ಸೊಸೆ ಚೀಲದಿಂದ ನಿಂಬೆಹಣ್ಣಿನಷ್ಟು ದಪ್ಪದ, ಮೈತುಂಬ ಬೇರಿದ್ದ ಗೆಡ್ಡೆಯೊಂದನ್ನು ತೆಗೆದು ಅತ್ತೆಯ ಮುಖಕ್ಕೆ ಹಿಡಿದಳು.

“ನೋಡಿ ಅತ್ತೆ! ಸೆಲೆರಿ ಗೆಡ್ಡೆ ತೆಂಗಿನಕಾಯಿ ಗಾತ್ರ ಆಗ್ಬೇಕಿತ್ತು. ಟೇಕಲ್ಲಿಂದ ಸಸಿ ಕಳಿಸಿದ್ದ ನಮ್ಮಕ್ಕಂಗೆ ಈಗ ಹೋಗಿ ಇದನ್ನ ತೋರಿಸ್ಲಾ?”

“ಮಣ್ಣೊಳಗಿರೋದು ಬೆಳೀಲಿಲ್ಲ ಅಂದ್ರೆ ನಾನೇನೇ ಮಾಡ್ಲಿ?”

“ದಿನಾ ಅದರ ಎಲೆ ಕಿತ್ತಿದ್ದು ಯಾರು? ಎಲೇನೇ ಇಲ್ದಿದ್ರೆ ಗೆಡ್ಡೆ ಹೆಂಗ್ ಬೆಳೀತದೆ?”

“ಕೊತ್ತಂಬರಿ ಥರ ಘಮ್ ಅಂತಿತ್ತು, ಮಸ್ಸೊಪ್ಪಿಗೆ ಹಾಕ್ದೆ. ನೀನೂ ಚಪ್ಪರಿಸ್ಕೊಂಡು ತಿಂದ್ಯಲ್ಲ!”

“ಕತ್ತಲಾದ್ಮೇಲೆ ಕೆಲಸದಿಂದ ಬರೋಳಿಗೆ ಏನ್ ಸೊಪ್ಪು ಅಂತ ಹೆಂಗ್ ಗೊತ್ತಾಗ್ಬೇಕು? ಹಿತ್ತಲಲ್ಲಿ ಆ ಒಂದು ಸಾಲು ನಂದು, ಮುಟ್ಬೇಡಿ ಅಂತ ಹೇಳಿರ್ಲಿಲ್ವಾ?”

“ನಂದಂತೆ ನಂದು! ಆ ಮನೆಗೆ ಕಾಲಿಟ್ಟಾಗಿಂದ ಒಂದು ಲೋಟನಾದ್ರೂ ನಂದು ಅಂತ ನಾನು ಅಂದಿದ್ದೀನೇನೇ?”

“ನೀವು ಒಂದಿನಾನೂ ಅನ್ಲಿಲ್ವಲ್ಲ, ಅದಕ್ಕೇ ನಾನು ಅಂದಿದ್ದು.”

ಅಷ್ಟರಲ್ಲಿ ಕೋಲಾರದ ಬಸ್ಸು ಬಂತು. ಗೆಡ್ಡೆಯನ್ನು ಬೆಂಚಿನ ಮೇಲೆ ಕುಕ್ಕಿ ಸೊಸೆ ದಡದಡ ನಡೆದಳು. ಅತ್ತೆ ಅದನ್ನು ಎತ್ತಿಕೊಂಡು, ಸೆರಗಿನಿಂದ ಮಣ್ಣು ಒರೆಸುತ್ತಾ ಹಿಂದೆಯೇ ಹೊರಟರು. ಬಸ್ಸಿನ ಬಾಗಿಲಲ್ಲಿ ಅವರ ಕೂಗು ಕೇಳಿಸಿತು.

“ಲೇ, ನಿಮ್ಮಕ್ಕನ್ನ ಸಸಿ ಇನ್ನೊಂದಷ್ಟು ಕೇಳು. ನಂಗೂ ಒಂದು ಸಾಲು ಬೇಕು. ನೀನು ಅದನ್ನ ಮುಟ್ಟಿದ್ರೆ ನೋಡು!”