ಮೂವತ್ತು ಮಕ್ಕಳ ಒಂದೇ ಪುಸ್ತಕ

ಹತ್ತಿರ ಬನ್ರಪ್ಪಾ, ಹಿಂದಿನವರಿಗೂ ಕೇಳಿಸಲಿ. ಎಲ್ಲರೂ ಒಂದಾನೊಂದು ಕಾಲದಿಂದ ಶುರು ಮಾಡ್ತಾರೆ, ನಾನು ಒಂದೇ ಒಂದು ಪುಸ್ತಕದಿಂದ ಶುರು ಮಾಡ್ತೀನಿ. ಯಾವ ರಾಜ್ಯ ಅಂತ ಮಾತ್ರ ಕೇಳಬೇಡಿ, ಹೆಸರು ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರ್ತಾರೆ.

ಆ ರಾಜ್ಯದ ಗುಡ್ಡದ ಮೇಲೊಂದು ಹಟ್ಟಿ. ಹಟ್ಟಿಗೊಂದು ಶಾಲೆ. ಮಕ್ಕಳು ಮೂವತ್ತು, ಪುಸ್ತಕ ಒಂದು. ಪಾಠ ಹೇಳೋಳು ಸಂಕಮ್ಮ. ಪುಸ್ತಕ ನಡುವೆ ಇಟ್ಟು ಮಕ್ಕಳನ್ನ ಸುತ್ತ ಕೂರಿಸೋಳು. ಮೊದಲ ದಿನ ಎಲ್ಲಿ ಕೂತರೋ ಅದೇ ಅವರ ಜಾಗ. ಏನಾಯ್ತು ಹೇಳಿ? ಈ ಕಡೆ ಕೂತವರು ನೇರ ಓದೋದು ಕಲಿತರು. ಪಕ್ಕದವರು ಅಡ್ಡಡ್ಡ ಓದೋದು ಕಲಿತರು. ಎದುರಿನವರು ತಲೆಕೆಳಗಾಗಿ ಓದೋದು ಕಲಿತರು. ಸಂಕಮ್ಮನಿಗೆ ಇದ್ದದ್ದು ಒಂದೇ ಭಯ. ಪುಸ್ತಕ ಆಗಲೇ ಸವೆದಿದೆ, ಅದು ಹೋದರೆ ಶಾಲೆಯೂ ಹೋಯಿತು, ಮಕ್ಕಳೆಲ್ಲ ಕುರಿ ಹಿಂದೆ.

ಅತ್ತ ಅರಮನೆಯಲ್ಲಿ ರಾಜನಿಗೆ ಶಾಲೆಗಳಿಗೆಲ್ಲ ಪುಸ್ತಕ ಹಂಚೋ ಆಸೆ ಹುಟ್ಟಿತು. ಸುಮ್ಮನೆ ಕೊಟ್ಟರೆ ದಂಡ ಮಹಾಸ್ವಾಮಿ, ಎಣಿಸಿ ಕೊಡೋಣ ಅಂದ ಮಂತ್ರಿ. ಎಣಿಸೋಕೆ ಗುರುಪಾದಯ್ಯ ಅನ್ನೋನು ಹೊರಟ. ಕೈಯಲ್ಲೊಂದು ಗಡಿಗೆ, ಕಂಕುಳಲ್ಲೊಂದು ದೊಡ್ಡ ದಫ್ತರ. ಓದೋ ಮಗುವಿಗೆ ಗಡಿಗೆಯೊಳಗೆ ಒಂದು ಕಪ್ಪು ಹುಣಸೆ ಬೀಜ. ಓದದ ಮಗುವಿಗೆ ತೇಯ್ದ ಬಿಳಿ ಬೀಜ, ಚೌಕಾಬಾರ ಆಡೋಕೆ ತೇಯ್ತೀವಲ್ಲ, ಅಂಥದ್ದು.

ಮೊದಲ ವರ್ಷ ಬಂದ. ಓದಿಸಿ ನೋಡೋಕೆ ಅವನು ತಂದಿದ್ದ ಹಾಳೆ ಕೈಗೆ ಬಂದ ಕೂಡಲೇ ಎದುರು ಸಾಲಿನ ದ್ಯಾವೀರಿ ಅದನ್ನ ತಲೆಕೆಳಗೆ ಮಾಡಿಕೊಂಡು ಗಡಗಡ ಓದಿದಳು. ಹಾಳೆ ಹಿಡಿಯೋಕೇ ಬರಲ್ಲ ಅಂತ ಬಿಳಿ ಬೀಜ ಹಾಕಿದ. ಓದಿದಳಲ್ಲ ಸ್ವಾಮಿ ಅಂತ ಸಂಕಮ್ಮ ಕೇಳಿದರೆ, ಹೀಗೆ ಓದೋರಿಗೆ ಅರಮನೆ ಬೀಜ ಮಾಡಿಲ್ಲ ತಾಯಿ ಅಂದ. ಹತ್ತು ಕಪ್ಪು, ಇಪ್ಪತ್ತು ಬಿಳಿ. ಓದೋಕೆ ಬರದವರಿಗೆ ಪುಸ್ತಕ ಯಾಕೆ ಅಂದಿತು ಅರಮನೆ. ಬೀರು ತುಂಬ ಪುಸ್ತಕ ಇದ್ದ ಪೇಟೆ ಶಾಲೆಗೇ ಇನ್ನೊಂದು ಬೀರು ಹೋಯಿತು.

ಸಂಕಮ್ಮ ಬಿಡೋಳೇ? ತಿಂಗಳಿಗೊಮ್ಮೆ ಮಕ್ಕಳ ಜಾಗ ಬದಲಿಸಿದಳು. ವರ್ಷ ತುಂಬೋದರೊಳಗೆ ಮೂವತ್ತು ಮಕ್ಕಳೂ ಯಾವ ಕಡೆಯಿಂದ ಬೇಕಾದರೂ ಓದೋರು.

ಎರಡನೇ ವರ್ಷ ಬಂದ. ಮೂವತ್ತಕ್ಕೆ ಮೂವತ್ತು ಕಪ್ಪು ಬೀಜ. ಸಂಕಮ್ಮ ಇನ್ನೇನು ಪುಸ್ತಕ ಬಂದೇಬಿಟ್ಟವು ಅಂತ ಮಣೆ ತೊಳೆದು ಇಟ್ಟಳು. ಆದರೆ ಅಷ್ಟರಲ್ಲಿ ಅರಮನೆಯ ಪದ್ಧತಿ ತಿರುಗಿತ್ತು, ಈ ಸಲ ಓದಲು ಬಾರದವರಿಗೆ ಮಾತ್ರ ಪುಸ್ತಕ. ಪೇಟೆಯ ಮೇಷ್ಟ್ರಿಗೆ ಇದು ಮೊದಲೇ ಗೊತ್ತಾಗಿ, ಮಕ್ಕಳಿಗೆ ತೊದಲೋದು ಹೇಳಿಕೊಟ್ಟಿದ್ದರು. ಮೂರನೇ ಬೀರೂ ಅಲ್ಲಿಗೇ ಹೋಯಿತು. ಅವತ್ತು ಸಂಕಮ್ಮ ಆ ಮಣೆ ಮೇಲೆ ಕೂತು ಅತ್ತಳು, ಸುಳ್ಳು ಯಾಕೆ ಹೇಳಲಿ.

ಮಂತ್ರಿ ಗಡಿಗೆಗಳನ್ನ ಎದುರಿಗಿಟ್ಟುಕೊಂಡು ಹಗಲೆಲ್ಲ ಯೋಚಿಸಿದ. ಮೂರು ಬೀರು ಇರೋ ಕಡೆ ಬರೀ ಬಿಳಿ. ಒಂದೇ ಪುಸ್ತಕ ಇರೋ ಕಡೆ ಬರೀ ಕಪ್ಪು. ಅಂದಮೇಲೆ ಮಹಿಮೆ ಇರೋದು ಆ ಪುಸ್ತಕದಲ್ಲೇ! ಅದನ್ನ ತಂದು ಅರಮನೆಯ ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕು ಅಂತ ಅಪ್ಪಣೆ ಆಯಿತು.

ಮೂರನೇ ವರ್ಷ ಬಂದ. ವಿಷಯ ಕೇಳಿ ಸಂಕಮ್ಮ ಪುಸ್ತಕಕ್ಕೆ ಅಡ್ಡ ನಿಂತಳು. ಬೇಡ ಸ್ವಾಮಿ ಅಂದಳು, ಕಾಲು ಹಿಡೀತೀನಿ ಅಂದಳು, ಮಕ್ಕಳ ಮುಖ ನೋಡಿ ಅಂದಳು. ಗುರುಪಾದಯ್ಯ ತಲೆ ಎತ್ತಲಿಲ್ಲ. ಮಕ್ಕಳ ನಡುವೆ ಕೂತು ದಫ್ತರ ಬಿಚ್ಚಿ ಬರೆಯತೊಡಗಿದ.

ಎದುರಿಗೆ ಕೂತಿದ್ದ ದ್ಯಾವೀರಿ ಅವನು ಬರೆದ ಹಾಗೆಲ್ಲ ರಾಗವಾಗಿ ಓದಿದಳು: "ಹಟ್ಟಿಯವರು ಸಂತೋಷದಿಂದ ಪುಸ್ತಕ ಒಪ್ಪಿಸಿದರು."

ಗುರುಪಾದಯ್ಯನ ಲೇಖನಿ ನಿಂತಿತು.

"ಯಾರು ಒಪ್ಪಿಸಿದ್ದು ಸ್ವಾಮಿ?" ಅಂದಳು ಸಂಕಮ್ಮ.

ಗೀಚಿ ಹಾಕಿ ಬೇರೆ ಬರೆದ. ಎಡಗಡೆಯವರು ಅದನ್ನೂ ಓದಿದರು: "ಈ ಶಾಲೆಗೆ ಏನೂ ಕೊರತೆ ಇಲ್ಲ." ಅದನ್ನೂ ಗೀಚಿ ಇನ್ನೊಂದು ಬರೆದ. ಬಲಗಡೆಯವರು ಓದಿದರು: "ಪಾಠ ಹೇಳುವ ತಾಯಿಯ ಕಣ್ಣಲ್ಲಿ ಆನಂದಬಾಷ್ಪ." ಬಾಗಿಲಲ್ಲಿ ಹಟ್ಟಿಯ ಜನ ಸೇರಿದ್ದರು. ಎತ್ತ ತಿರುಗಿ ಕೂತು ಬರೆದರೂ ಓದೋರೇ. ಪಾಪ, ಅಷ್ಟು ವರ್ಷ ದಫ್ತರ ಬರೆದವನಿಗೆ ಅದನ್ನ ಯಾರಾದರೂ ಓದ್ತಾರೆ ಅಂತ ಗೊತ್ತಾದದ್ದೇ ಅವತ್ತು. ಗಡಿಗೆ ಮಾತ್ರ ಎತ್ತಿಕೊಂಡು ಗುಡ್ಡ ಇಳಿದೇಬಿಟ್ಟ. ಪುಸ್ತಕವೂ ದಫ್ತರವೂ ಅಲ್ಲೇ ಉಳಿದವು.

ಸಂಕಮ್ಮ ಮಕ್ಕಳನ್ನ ಎರಡು ಗುಂಪು ಮಾಡಿ, ಒಂದರ ನಡುವೆ ಹಳೇ ಪುಸ್ತಕ, ಇನ್ನೊಂದರ ನಡುವೆ ಅರಮನೆಯ ದಫ್ತರ ಇಟ್ಟು, ಅವತ್ತಿನ ಪಾಠ ಮುಂದುವರಿಸಿದಳು.

ಅರಮನೆಯವರು ಹೊಸ ದಫ್ತರದ ಮೊದಲ ಹಾಳೆಯಲ್ಲಿ ಬರೆದುಕೊಂಡರಂತೆ: ನಮ್ಮ ಎಣಿಕೆಯ ದೆಸೆಯಿಂದ ಗುಡ್ಡದ ಹಟ್ಟಿಯ ಶಾಲೆಯಲ್ಲಿ ಪುಸ್ತಕಗಳ ಸಂಖ್ಯೆ ಒಂದೇ ವರ್ಷದಲ್ಲಿ ಎರಡರಷ್ಟಾಗಿದೆ.

ಅವರು ಅಲ್ಲಿ ಬರೀತಾ ಇರಲಿ, ಮಕ್ಕಳು ಇಲ್ಲಿ ಓದ್ತಾ ಇರಲಿ, ನನಗೆ ಒಂದು ಎಲೆ ಅಡಿಕೆ ಕೊಡಿ.